ಆಯುಧಪೂಜೆಯ ಮರುದಿನ

ನವರಾತ್ರಿಯ ಆಯುಧಪೂಜೆಯಂದು ನಮ್ಮ ನವಲಿಯ ಬೀದಿಯಲ್ಲಿ ಒಂದು ಸುತ್ತು ಹಾಕಿದರೆ ಕಣ್ಣಿಗೆ ಹಬ್ಬವಾಗುತ್ತದೆ. ಟ್ರ್ಯಾಕ್ಟರು, ಮೋಟಾರು ಸೈಕಲ್ಲು, ಬಾಡಿಗೆಯ ಗಾಡಿ, ಮನೆಯ ಕಾರು, ಎಲ್ಲವೂ ಮಿಂದು ಮಡಿಯುಟ್ಟಂತೆ ಬಾಗಿಲ ಮುಂದೆ ನಿಂತಿರುತ್ತವೆ. ಚೆಂಡುಹೂವಿನ ಮಾಲೆ, ಬಾಳೆಯ ಕಂದು, ವಿಭೂತಿ, ಕುಂಕುಮ, ಗಾಲಿಯ ಕೆಳಗೆ ನಿಂಬೆಹಣ್ಣು, ಮುಂದುಗಡೆ ಒಡೆದ ಕುಂಬಳಕಾಯಿ. ದುಡಿಯುವ ಯಂತ್ರಕ್ಕೆ ವರ್ಷಕ್ಕೊಮ್ಮೆ ಕೈಮುಗಿಯುವ ಈ ಪದ್ಧತಿ ನನಗೆ ಬಹಳ ಪ್ರಿಯವಾದುದು. ಕೃತಜ್ಞತೆ ಯಾವ ಕಾಲಕ್ಕೂ ಕೆಟ್ಟದ್ದಲ್ಲ.

ಆದರೆ ಮರುದಿನ ಏನಾಗುತ್ತದೆ? ನಿಂಬೆಹಣ್ಣು ಗಾಲಿಗೆ ಸಿಕ್ಕಿ ಅಪ್ಪಚ್ಚಿಯಾಗುತ್ತದೆ, ಮಾಲೆ ಬಾಡಿ ಉದುರುತ್ತದೆ, ಕಾರು ಮತ್ತೆ ಧೂಳಿನ ದಾರಿ ಹಿಡಿಯುತ್ತದೆ. ಬಾನೆಟ್ಟಿನ ಮೇಲೆ ಕುಂಕುಮವಿಟ್ಟ ಕೈಗಳು ಹಲವು. ಅದನ್ನು ಮೇಲೆತ್ತಿ ಒಳಗೆ ನೋಡಿದ ಕಣ್ಣುಗಳು ಎಷ್ಟು? ಕಾಲಿದ್ದವರು ಹಂಪೆಯನ್ನೂ ಕಣ್ಣಿದ್ದವರು ಕನಕಗಿರಿಯನ್ನೂ ನೋಡಬೇಕೆಂಬ ಮಾತು ನಮ್ಮ ಸೀಮೆಯಲ್ಲಿ ಪ್ರಸಿದ್ಧವಾಗಿದೆ. ಕಾರಿದ್ದವರು ವಾರಕ್ಕೊಮ್ಮೆಯಾದರೂ ಬಾನೆಟ್ಟಿನ ಒಳಗನ್ನು ನೋಡಬೇಕೆಂದು ಅದಕ್ಕೆ ಸೇರಿಸಲು ನಾನು ಇಚ್ಛಿಸುತ್ತೇನೆ.

ಯಂತ್ರವನ್ನು ಕೊಳ್ಳುವವನು ಅದರ ಅರ್ಧ ಒಡೆಯನು ಮಾತ್ರ. ಅದನ್ನು ಕಾಪಾಡಲು ಬಲ್ಲವನು ಪೂರ್ಣ ಒಡೆಯನು. ಈ ಕಾಪಾಡುವ ವಿದ್ಯೆ ಮೆಕ್ಯಾನಿಕ್ಕನ ಗುಟ್ಟೇನೂ ಅಲ್ಲ. ಹೈಸ್ಕೂಲಿನ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಗಳನ್ನು ಅರಿತ ಯಾವ ವಿದ್ಯಾರ್ಥಿಗಾದರೂ ಅದು ಸಾಧ್ಯ. ಇಂದು ಸಾಧ್ಯವಷ್ಟೇ ಅಲ್ಲ, ಕರ್ತವ್ಯವೂ ಹೌದು ಎಂಬುದು ನನ್ನ ಅಭಿಪ್ರಾಯ.

ನಮ್ಮ ಹಿರಿಯರಿಗೆ ಈ ವಿದ್ಯೆ ತಿಳಿಯದಿರಲಿಲ್ಲ. ಎತ್ತಿನ ಬಂಡಿ ದೂರದ ಜಾತ್ರೆಗೆ ಹೊರಡುವ ಹಿಂದಿನ ಸಂಜೆ ಅಚ್ಚಿಗೆ ಕೀಲೆಣ್ಣೆ ಸವರದೆ ಯಾವ ರೈತನೂ ಮಲಗುತ್ತಿರಲಿಲ್ಲ. ಕಡೆಗೀಲು ಬಿಗಿಯಾಗಿದೆಯೇ ಎಂದು ಕೈಯಿಂದ ಅಲುಗಿಸಿ ನೋಡುತ್ತಿದ್ದನು. ಗಾಲಿಯ ಪಟ್ಟಿ ಸಡಿಲಾಗಿದ್ದರೆ ಅದರ ಸದ್ದಿನಿಂದಲೇ ತಿಳಿದುಕೊಳ್ಳುತ್ತಿದ್ದನು. ಬಂಡಿಯಲ್ಲಿ ಉಜ್ಜಾಡುವ ಜಾಗ ಎರಡೇ. ಅವು ಕಣ್ಣಿಗೆ ಕಾಣುತ್ತಿದ್ದವು. ಕಾರಿನಲ್ಲಿ ಅಂಥ ಜಾಗಗಳು ನೂರಾರು. ಅವುಗಳಲ್ಲಿ ಬಹುಪಾಲು ಲೋಹದ ಗೋಡೆಯೊಳಗೆ ಅಡಗಿವೆ. ಕಾಣದ ಕಾರಣ ಮರೆತೆವು. ವ್ಯತ್ಯಾಸ ಇಷ್ಟೇ.

ಆ ಗೋಡೆಯೊಳಗೆ ಏನು ನಡೆಯುತ್ತದೆಂಬುದನ್ನು ಕಲ್ಪಿಸಿಕೊಳ್ಳಿರಿ. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ ಎನ್ನೋಣ. ಆಗ ಪ್ರತಿಯೊಂದು ಪಿಸ್ಟನ್ನೂ ಒಂದು ಸೆಕೆಂಡಿನಲ್ಲಿ 50 ಬಾರಿ ಮೇಲೇರಿ 50 ಬಾರಿ ಕೆಳಗಿಳಿಯುತ್ತದೆ. ನಾಲ್ಕು ಹೊಡೆತದ ಎಂಜಿನ್ನಾದುದರಿಂದ ಪ್ರತಿ ಸಿಲಿಂಡರಿನಲ್ಲಿ ಸೆಕೆಂಡಿಗೆ 25 ಸಲ ಇಂಧನ ಉರಿಯುತ್ತದೆ. ಗಂಟೆಗೆ 90,000 ಸಲ. ಆ ಜ್ವಾಲೆಯ ಉಷ್ಣತೆ 2000 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಪಿಸ್ಟನ್ನನ್ನು ಮಾಡಿರುವ ಅಲ್ಯೂಮಿನಿಯಮ್ಮಾದರೋ ಸುಮಾರು 660 ಡಿಗ್ರಿಯಲ್ಲಿಯೇ ಕರಗುವ ಲೋಹ! ಹಾಗಿದ್ದರೂ ಅದು ಏಕೆ ಕರಗುವುದಿಲ್ಲ? ಜ್ವಾಲೆ ಕ್ಷಣಿಕವಾದುದು, ಅಲ್ಲದೆ ಲೋಹಕ್ಕೆ ತಾಗಿದ ಶಾಖವನ್ನು ಎಣ್ಣೆಯೂ ನೀರೂ ಎಡೆಬಿಡದೆ ಹೊತ್ತೊಯ್ಯುತ್ತಿರುತ್ತವೆ. ಕಾರಿನ ಆಯುಷ್ಯವು ಈ ಎರಡು ದ್ರವಗಳ ಕೈಯಲ್ಲಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಮೊದಲು ಎಣ್ಣೆಯ ಮಾತು. ಘರ್ಷಣೆಯನ್ನು ತಗ್ಗಿಸುವುದು ಅದರ ಒಂದು ಕೆಲಸ ಮಾತ್ರ. ಶಾಖವನ್ನು ಒಯ್ಯುವುದು, ಮಸಿಯನ್ನೂ ಲೋಹದ ಕಣಗಳನ್ನೂ ತನ್ನಲ್ಲಿ ತೇಲಿಸಿಕೊಂಡು ಜರಡಿಗೆ ಮುಟ್ಟಿಸುವುದು, ತುಕ್ಕನ್ನು ತಡೆಯುವುದು, ಇವೂ ಅದರ ಹೊಣೆಯೇ. ಇಷ್ಟೆಲ್ಲ ದುಡಿದು ಅದು ತಾನೇ ಸವೆಯುತ್ತದೆ. ಗಾಳಿಯ ಆಮ್ಲಜನಕದೊಡನೆ ಸೇರಿ ದಪ್ಪನಾಗುತ್ತದೆ, ಆಮ್ಲಗುಣವನ್ನು ಪಡೆಯುತ್ತದೆ. ಉಷ್ಣತೆ 10 ಡಿಗ್ರಿ ಏರಿದಂತೆಲ್ಲ ಈ ಕ್ರಿಯೆಯ ವೇಗ ಸುಮಾರಾಗಿ ಇಮ್ಮಡಿಯಾಗುತ್ತದೆ ಎಂಬುದು ರಸಾಯನಶಾಸ್ತ್ರಜ್ಞರ ಸ್ಥೂಲ ನಿಯಮ. ಬೇಸಗೆಯಲ್ಲಿ ಬೆಂಕಿಯುಗುಳುವ ನಮ್ಮ ಸೀಮೆಗೆ ಇದು ಮುಖ್ಯವಾದ ಮಾತು.

ನಮ್ಮ ಕಾರು ಓಡುವುದೇ ಇಲ್ಲವಲ್ಲ, ಎಣ್ಣೆ ಏಕೆ ಬದಲಿಸಬೇಕು ಎಂದು ಹಲವರು ಕೇಳುತ್ತಾರೆ. ತಯಾರಕರ ಕೈಪಿಡಿಯಲ್ಲಿ ಇಷ್ಟು ಕಿಲೋಮೀಟರು ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು ಎಂದು ಬರೆದಿರುವುದು ಸುಮ್ಮನೆ ಅಲ್ಲ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಓಡುವ ಕಾರಿನ ಎಂಜಿನ್ನು ಸರಿಯಾಗಿ ಬಿಸಿಯೇ ಆಗುವುದಿಲ್ಲ. ಇಂಧನ ಉರಿದಾಗ ಹುಟ್ಟಿದ ನೀರಿನ ಆವಿಯೂ ಉರಿಯದೆ ಉಳಿದ ಇಂಧನವೂ ಎಣ್ಣೆಯಲ್ಲಿ ಬೆರೆತು ಅಲ್ಲಿಯೇ ಉಳಿಯುತ್ತವೆ. ಹೆಚ್ಚು ಓಡಿದ ಕಾರಿನ ಎಣ್ಣೆ ದುಡಿದು ಕೆಡುತ್ತದೆ. ಕಡಿಮೆ ಓಡಿದ ಕಾರಿನದು ಕುಳಿತು ಕೆಡುತ್ತದೆ.

ಎರಡನೆಯದಾಗಿ ಗಾಳಿ. ಒಂದು ತೂಕದ ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 14.7 ತೂಕದ ಗಾಳಿ ಬೇಕು. ಲೆಕ್ಕ ಹಾಕಿ ನೋಡಿದರೆ ಒಂದು ಲೀಟರು ಪೆಟ್ರೋಲಿಗೆ ಸುಮಾರು 9,000 ಲೀಟರು ಗಾಳಿ! ಕಾರು ಪೆಟ್ರೋಲು ಕುಡಿಯುತ್ತದೆ ಎನ್ನುವುದಕ್ಕಿಂತ ಗಾಳಿ ಕುಡಿಯುತ್ತದೆ ಎಂದರೆ ಹೆಚ್ಚು ಸರಿ. ಇನ್ನು ನಮ್ಮ ಗಾಳಿ ಎಂಥದು? ಭತ್ತದ ಕೊಯ್ಲಿನ ಕಾಲದಲ್ಲಿ ಗಂಗಾವತಿ, ಕಾರಟಗಿ, ಕನಕಗಿರಿಗಳ ಬಯಲಿನಲ್ಲಿ ಕೊಯ್ಲುಯಂತ್ರಗಳು ಎಬ್ಬಿಸುವ ಹೊಟ್ಟು ಧೂಳುಗಳನ್ನು ಕಂಡವರಿಗೆ ಹೇಳಬೇಕಾದುದಿಲ್ಲ. ಮಣ್ಣಿನ ಧೂಳಿನಲ್ಲಿ ಬೆಣಚುಕಲ್ಲಿನ ಸೂಕ್ಷ್ಮ ಕಣಗಳಿರುತ್ತವೆ. ಅವು ಸಾಧಾರಣ ಕಬ್ಬಿಣಕ್ಕಿಂತ ಗಡುಸಾದುವು. ಅವು ಸಿಲಿಂಡರಿನೊಳಗೆ ಹೊಕ್ಕರೆ ಉಪ್ಪುಕಾಗದದಂತೆ ಗೋಡೆಯನ್ನು ಉಜ್ಜುತ್ತವೆ. ಅವನ್ನು ಬಾಗಿಲಲ್ಲಿ ತಡೆಯುವ ಕಾವಲುಗಾರನೆಂದರೆ ಕಾಗದದ ಒಂದು ಏರ್ ಫಿಲ್ಟರು. ಬೆಂಗಳೂರಿನ ಡಾಂಬರು ರಸ್ತೆಯ ಕಾರಿಗೂ ನವಲಿಯ ಹೊಲದ ದಾರಿಯ ಕಾರಿಗೂ ಅದನ್ನು ಬದಲಿಸುವ ಅವಧಿ ಒಂದೇ ಆಗಿರಲಾರದು. ಧೂಳಿನ ಪ್ರದೇಶದಲ್ಲಿ ಹೆಚ್ಚು ಸಲ ಪರೀಕ್ಷಿಸಬೇಕೆಂದು ಕೈಪಿಡಿಗಳೇ ಹೇಳುತ್ತವೆ. ಆದರೆ ಆ ಪುಟವನ್ನು ತೆರೆಯುವವರು ವಿರಳ.

ಮೂರನೆಯದು ನೀರು. ಇಲ್ಲಿ ನನ್ನ ಅಪರಾಧವೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ, ಮಾರ್ಚಿ ತಿಂಗಳ ಒಂದು ಬೆಳಿಗ್ಗೆ, ಅಕ್ಕನ ಮಗನನ್ನು ಪಿ.ಯು.ಸಿ. ಪರೀಕ್ಷೆಗೆಂದು ಗಂಗಾವತಿಗೆ ಕರೆದೊಯ್ಯುತ್ತಿದ್ದೆ. ಅರ್ಧ ದಾರಿಯಲ್ಲಿ ಉಷ್ಣತೆಯ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿತು. ಬಾನೆಟ್ಟಿನ ಸಂದಿಯಿಂದ ಆವಿ ಹೊರಟಿತು. ರೇಡಿಯೇಟರಿಗೆ ಹೋಗುವ ರಬ್ಬರಿನ ಕೊಳವೆ ಬಿರಿದಿತ್ತು. ಹುಡುಗನ ಮುಖ ಬಿಳಿಚಿಕೊಂಡಿತು. "ಮಾವಾ, ಈಗ ಏನ್ ಮಾಡೋದು?" ಎಂದು ಅವನು ಕೇಳಿದ ದನಿ ಇನ್ನೂ ನನ್ನ ಕಿವಿಯಲ್ಲಿದೆ. ದೈವವಶಾತ್ ಹಿಂದಿನಿಂದ ಬಸ್ಸೊಂದು ಬಂದಿತು. ಅವನು ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ಪರೀಕ್ಷೆಯ ಕೊಠಡಿಯನ್ನು ಸೇರಿದನು. ನಾನು ಮಾತ್ರ ಬಿಸಿಲಿನಲ್ಲಿ ನಿಂತು ನನ್ನ ತಪ್ಪುಗಳನ್ನು ಎಣಿಸಿದೆ.

ಆ ಕೊಳವೆಯ ಮೈ ಬಿರುಕು ಬಿಟ್ಟಿದ್ದುದನ್ನು ಒಂದು ತಿಂಗಳ ಹಿಂದೆಯೇ ಕಂಡಿದ್ದೆ. ಇನ್ನೂ ನಡೆಯುತ್ತದೆ ಎಂದುಕೊಂಡಿದ್ದೆ. ಕೂಲೆಂಟ್ ಕಡಿಮೆಯಾದಾಗಲೆಲ್ಲ ಮನೆಯ ಕೊಳವೆಬಾವಿಯ ನೀರನ್ನೇ ಸುರಿದಿದ್ದೆ. ನಮ್ಮ ಕೊಳವೆಬಾವಿಯ ನೀರು ಗಡುಸು. ಹಂಡೆಯಲ್ಲಿ ಅದನ್ನು ಕಾಯಿಸಿದರೆ ತಳದಲ್ಲಿ ಬಿಳಿಯ ಪೊರೆ ಕಟ್ಟುವುದನ್ನು ಎಲ್ಲರೂ ಕಂಡಿದ್ದಾರೆ. ಕರಗಿದ ಕ್ಯಾಲ್ಸಿಯಂ ಬೈಕಾರ್ಬೊನೇಟು ಶಾಖಕ್ಕೆ ಒಡೆದು ಕರಗದ ಕ್ಯಾಲ್ಸಿಯಂ ಕಾರ್ಬೊನೇಟಾಗುವುದೆಂದು ಪಾಠದಲ್ಲಿ ಓದುತ್ತೇವೆ. ಹಂಡೆಯಲ್ಲಿ ನಡೆದುದೇ ಎಂಜಿನ್ನಿನ ನೀರಿನ ಹಾದಿಯಲ್ಲಿಯೂ ನಡೆಯುತ್ತದೆ. ಲೋಹಕ್ಕಿಂತ ಹತ್ತಾರು ಪಟ್ಟು ಕಡಿಮೆ ಶಾಖವಾಹಕವಾದ ಆ ಪೊರೆ ಎಂಜಿನ್ನಿಗೆ ಕಂಬಳಿ ಹೊದಿಸಿದಂತಾಗುತ್ತದೆ. ಪಾಠವನ್ನು ನಾನೂ ಓದಿದ್ದೆ, ಕಾರಿಗೆ ಅನ್ವಯಿಸಿರಲಿಲ್ಲ. ಅಲ್ಪ ಬೆಲೆಯ ಕೊಳವೆಯನ್ನು ಉಳಿಸಲು ಹೋಗಿ ಎಂಜಿನ್ನಿನ ತಲೆಭಾಗವನ್ನೇ ಬಿಚ್ಚಿಸಬೇಕಾಯಿತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿದಂತಾಯಿತು.

ಪ್ರಸಂಗವಶಾತ್ ಒಂದು ಎಚ್ಚರಿಕೆ. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಅದು ಪ್ರೆಷರ್ ಕುಕ್ಕರಿದ್ದಂತೆ. ಒಳಗೆ ಒತ್ತಡವಿರುವುದರಿಂದ ನೀರು 100 ಡಿಗ್ರಿಯನ್ನು ಮೀರಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದೊಡನೆ ಒತ್ತಡ ಇಳಿದು ಅದು ಒಮ್ಮೆಗೇ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಇದುವರೆಗೆ ಹೇಳಿದ್ದು ಹಣದ ನಷ್ಟದ ಮಾತು. ಟೈರು ಮತ್ತು ಬ್ರೇಕುಗಳಲ್ಲಿ ಪಣಕ್ಕಿಟ್ಟಿರುವುದು ಪ್ರಾಣ. 1200 ಕಿಲೋಗ್ರಾಂ ತೂಕದ ಕಾರು ನಾಲ್ಕು ಗಾಲಿಗಳ ಮೇಲೆ ನಿಂತಾಗ ಪ್ರತಿ ಟೈರು ನೆಲವನ್ನು ಮುಟ್ಟುವ ಜಾಗ ಸುಮಾರು 130 ಚದರ ಸೆಂಟಿಮೀಟರು. ಎಂದರೆ ಒಂದು ಕೈಯ ಅಗಲ. ಇಡೀ ಸಂಸಾರವನ್ನು ಹೊತ್ತ ಕಾರು ನಾಲ್ಕು ಕೈಯಗಲದ ಹಿಡಿತದ ಮೇಲೆ ಓಡುತ್ತದೆ! ಟೈರಿನ ಗೀರುಗಳ ನಡುವೆ ಅಲ್ಲಲ್ಲಿ 1.6 ಮಿಲಿಮೀಟರು ಎತ್ತರದ ಸಣ್ಣ ದಿಣ್ಣೆಗಳಿರುತ್ತವೆ. ರಬ್ಬರು ಸವೆದು ಆ ದಿಣ್ಣೆಗೆ ಸಮನಾದರೆ ಟೈರಿನ ಆಯುಷ್ಯ ಮುಗಿಯಿತೆಂದೇ ತಿಳಿಯಬೇಕು.

ಬೇಸಗೆಯಲ್ಲಿ ಟೈರು ಒಡೆಯದಿರಲೆಂದು ಗಾಳಿಯನ್ನು ಕಡಿಮೆ ಮಾಡಿ ಓಡಿಸುವ ರೂಢಿ ನಮ್ಮಲ್ಲಿ ಇದೆ. ಇದು ಸದುದ್ದೇಶದ, ಆದರೆ ಅಪಾಯಕರವಾದ ತಪ್ಪು. ಗಾಳಿ ಕಡಿಮೆಯಾದ ಟೈರಿನ ಪಕ್ಕೆಗಳು ಪ್ರತಿ ಸುತ್ತಿನಲ್ಲಿಯೂ ಹೆಚ್ಚು ಬಾಗುತ್ತವೆ. ತಂತಿಯನ್ನು ಪದೇ ಪದೇ ಬಾಗಿಸಿದರೆ ಅದು ಬಿಸಿಯಾಗುವುದನ್ನು ಬಲ್ಲಿರಷ್ಟೆ, ರಬ್ಬರೂ ಹಾಗೆಯೇ. ಒಡೆಯುವ ಭಯದಿಂದ ಗಾಳಿ ಬಿಟ್ಟವರು ಒಡೆಯುವುದಕ್ಕೇ ದಾರಿ ಮಾಡುತ್ತಾರೆ. ಚಾಲಕನ ಬಾಗಿಲ ಚೌಕಟ್ಟಿನಲ್ಲಿಯೋ ಕೈಪಿಡಿಯಲ್ಲಿಯೋ ಬರೆದಿರುವ ಒತ್ತಡವನ್ನು, ಟೈರು ತಣ್ಣಗಿರುವಾಗ, ಸರಿಯಾಗಿ ಇಟ್ಟುಕೊಳ್ಳುವುದೇ ಉಪಾಯ. ಸ್ಟೆಪ್ನಿಯ ಗಾಳಿಯನ್ನೂ ಆಗಲೇ ನೋಡಬೇಕು. ಅದು ಬೇಕಾಗುವ ದಿನ ಗಾಳಿಯಂಗಡಿ ಹತ್ತಿರದಲ್ಲಿರುವುದಿಲ್ಲ.

ಅದೇ ಕಾರು ಗಂಟೆಗೆ 80 ಕಿಲೋಮೀಟರು ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 2,96,000 ಜೂಲು. ನಿಲ್ಲಿಸಬೇಕಾದರೆ ಈ ಶಕ್ತಿಯನ್ನೆಲ್ಲ ಬ್ರೇಕುಗಳು ಶಾಖವಾಗಿ ಮಾರ್ಪಡಿಸಬೇಕು. ಬಾವಿಯಿಂದ ತಂದ ಒಂದು ಲೀಟರು ನೀರನ್ನು ಹೆಚ್ಚು ಕಡಿಮೆ ಕುದಿಯುವ ಮಟ್ಟಕ್ಕೆ ತರಬಲ್ಲಷ್ಟು ಶಾಖವದು. ವೇಗ ಅರ್ಧವಾದರೆ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ ಎಂಬುದನ್ನೂ ಮರೆಯಬಾರದು. ಕಾಲಿನ ಒತ್ತಡವನ್ನು ಗಾಲಿಗಳಿಗೆ ಮುಟ್ಟಿಸುವ ಬ್ರೇಕ್ ಆಯಿಲಿಗೆ ಒಂದು ದೌರ್ಬಲ್ಯವಿದೆ: ಅದು ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಇಂದು ಸಾಮಾನ್ಯವಾಗಿ ಬಳಸುವ ಡಾಟ್ 4 ಎಂಬ ದರ್ಜೆಯ ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು, ಶೇಕಡಾ 3.7ರಷ್ಟು ನೀರು ಸೇರಿದಾಗ ಅದಕ್ಕೆ ವಿಧಿಸಿರುವ ಮಿತಿ ಕೇವಲ 155 ಡಿಗ್ರಿ. ಸತತವಾಗಿ ಬ್ರೇಕು ಒತ್ತಿದಾಗ ಹಳೆಯ ದ್ರವ ಕುದಿದು ಅದರಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ದ್ರವವು ಒತ್ತಿದರೆ ಕುಗ್ಗದು, ಆವಿ ಕುಗ್ಗುತ್ತದೆ. ಪೆಡಲು ನೆಲಕ್ಕೆ ಇಳಿಯುತ್ತದೆ, ಕಾರು ನಿಲ್ಲುವುದಿಲ್ಲ. ನಿಗದಿಯಾದ ಅವಧಿಗೆ ಅದನ್ನು ಬದಲಿಸಿರೆಂದು ಹೇಳುವುದರ ಹಿಂದೆ ಇರುವ ವಿಜ್ಞಾನ ಇದು.

ಇದಕ್ಕೆ ಕೆಲವು ಆಕ್ಷೇಪಣೆಗಳು ಬರಬಹುದು. ಏನಾದರೂ ಕೆಟ್ಟರೆ ಕಾರೇ ದೀಪ ಹೊತ್ತಿಸಿ ತಿಳಿಸುತ್ತದಲ್ಲ ಎನ್ನುವವರುಂಟು. ಆದರೆ ಬಹುತೇಕ ಕಾರುಗಳಲ್ಲಿ ಎಣ್ಣೆಯ ಕೆಂಪು ದೀಪ ಸೂಚಿಸುವುದು ಎಣ್ಣೆಯ ಮಟ್ಟವನ್ನಲ್ಲ, ಒತ್ತಡವನ್ನು. ಒತ್ತಡ ಬಿದ್ದಿತೆಂದರೆ ಹಾನಿ ಬಾಗಿಲಿಗೆ ಬಂದಿದೆ ಎಂದೇ ಅರ್ಥ. ದೀಪವನ್ನು ನಂಬಿ ಕುಳಿತುಕೊಳ್ಳುವುದು ಹೊಗೆ ಕಂಡ ಮೇಲೆ ಬಾವಿ ತೋಡಲು ಹೊರಟಂತೆ. ಇನ್ನು ಕೆಲವರು, ಮುಂದೆ ಎಲ್ಲವೂ ವಿದ್ಯುತ್ ಕಾರುಗಳೇ, ಈ ತೊಂದರೆ ಏಕೆ ಎನ್ನುತ್ತಾರೆ. ಅವಕ್ಕೆ ಎಂಜಿನ್ನಿನ ಎಣ್ಣೆ ಬೇಡ, ನಿಜ. ಆದರೆ ಟೈರು, ಬ್ರೇಕು, ಸಸ್ಪೆನ್ಷನ್ನು, ವೈಪರು ಅವಕ್ಕೂ ಇವೆ; ಬ್ಯಾಟರಿಯನ್ನು ತಂಪಾಗಿಡುವ ದ್ರವವೂ ಬಹಳಷ್ಟು ವಿದ್ಯುತ್ ಕಾರುಗಳಲ್ಲಿ ಉಂಟು.

ಖರ್ಚಿನ ಆಕ್ಷೇಪಣೆ ಮಾತ್ರ ತೂಕವುಳ್ಳದ್ದು. ಸರ್ವಿಸಿನ ಹೆಸರಿನಲ್ಲಿ ಬೇಡದ ತೊಳೆತ, ಬೇಡದ ಔಷಧ, ಬೇಡದ ಬದಲಾವಣೆಗಳನ್ನು ಮಾಡಿ ಹಣ ಕೀಳುವ ಕಡೆಗಳು ಇಲ್ಲದಿಲ್ಲ. ಹೆಚ್ಚು ಮಾಡಿದಷ್ಟೂ ಒಳ್ಳೆಯದೆಂಬ ಭ್ರಮೆಯೂ ಅಜ್ಞಾನವೇ. ಎಣ್ಣೆಯನ್ನು ಗುರುತಿಗಿಂತ ಮೇಲೆ ತುಂಬಿದರೂ ಅದು ಕಡೆಯಲ್ಪಟ್ಟು ನೊರೆಯಾಗಿ ಕೆಡುಕೇ ಆಗುತ್ತದೆ. ಹಾಗಾದರೆ ಮೋಸಹೋಗದಿರಲು ದಾರಿ ಯಾವುದು? ಕಾರನ್ನು ಗ್ಯಾರೇಜಿಗೆ ಬಿಡದಿರುವುದಲ್ಲ; ಬಿಡುವಾಗ ತಿಳಿದು ಬಿಡುವುದು. ಕೈಪಿಡಿಯನ್ನು ಓದಿದವನು ಇದು ಏಕೆ ಎಂದು ಕೇಳಬಲ್ಲನು. ಪ್ರಾಮಾಣಿಕನಾದ ಮೆಕ್ಯಾನಿಕ್ಕನು ಆ ಪ್ರಶ್ನೆಯಿಂದ ಸಂತೋಷಪಡುತ್ತಾನೆ, ಅಪ್ರಾಮಾಣಿಕನು ತಡವರಿಸುತ್ತಾನೆ.

ಒಂದು ಸಣ್ಣ ಭಾಗ ಎಷ್ಟು ದೊಡ್ಡ ಭಾರವನ್ನು ಹೊತ್ತಿರುತ್ತದೆಂಬುದನ್ನು ನಮ್ಮ ಜನ ಕಾರಿನಲ್ಲಿ ಅಲ್ಲ, ಹೊಳೆಯಲ್ಲಿ ಕಂಡರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿಯ ಕೊಂಡಿ ಕಡಿದು ಗೇಟು ಕೊಚ್ಚಿಕೊಂಡು ಹೋಯಿತು. 1953ರಿಂದ ನಾಲ್ಕಾರು ಜಿಲ್ಲೆಗಳಿಗೆ ಅನ್ನವಿತ್ತ ಜಲಾಶಯ ಅದು. ತುಂಬಿ ನಿಂತಿದ್ದ ನೀರು ಕಣ್ಣೆದುರಿಗೆ ಹರಿದುಹೋಗುತ್ತಿರಲು, ಮುಂದಿನ ಬೆಳೆಯ ಗತಿಯೇನೆಂದು ನಮ್ಮ ರೈತರು ಆ ದಿನಗಳಲ್ಲಿ ಸರಿಯಾಗಿ ನಿದ್ರೆ ಮಾಡಲಿಲ್ಲ. ಎಂಜಿನಿಯರುಗಳೂ ಕೆಲಸಗಾರರೂ ಹರಿಯುವ ನೀರಿನಲ್ಲಿಯೇ ತಡೆಹಲಗೆಗಳನ್ನು ಇಳಿಸಿ ಒಂದು ವಾರದೊಳಗೆ ಪ್ರವಾಹವನ್ನು ತಡೆದರು. ಅದು ಮೆಚ್ಚತಕ್ಕ ಸಾಹಸ. ಬಳಿಕ ತಜ್ಞರು ಎಲ್ಲ 33 ಗೇಟುಗಳನ್ನೂ ಬದಲಿಸುವುದು ಒಳಿತೆಂದು ಅಭಿಪ್ರಾಯಪಟ್ಟರು. ಆ ಘಟನೆಯಲ್ಲಿ ತಪ್ಪು ಯಾರದೆಂಬ ವಿಚಾರಣೆ ನನ್ನ ಕೆಲಸವಲ್ಲ. ಲೋಹ ಸವೆಯುತ್ತದೆ, ದಣಿಯುತ್ತದೆ, ವಯಸ್ಸಾಗುತ್ತದೆ; ಸರಪಳಿಯ ಬಲ ಅದರ ಅತ್ಯಂತ ದುರ್ಬಲವಾದ ಕೊಂಡಿಯಷ್ಟೇ ಎಂಬುದನ್ನು ಮಾತ್ರ ನಾವು ಕಲಿಯಬೇಕು.

ನಮ್ಮ ಊರಿನ ಹೆಸರು ಪತ್ರಿಕೆಗಳಲ್ಲಿ ಬರುವುದೂ ಇಂಥದೇ ಕಾರಣಕ್ಕಾಗಿ. ಸುಮಾರು 133 ಟಿ.ಎಂ.ಸಿ. ಇದ್ದ ಜಲಾಶಯದ ಧಾರಣಶಕ್ತಿ ಹೂಳಿನಿಂದಾಗಿ ಸುಮಾರು 105ಕ್ಕೆ ಇಳಿದುದರಿಂದ, ನಷ್ಟವಾದ ನೀರಿಗೆ ಬದಲಾಗಿ ನವಲಿಯಲ್ಲಿ ಸಮತೋಲನ ಜಲಾಶಯವೊಂದನ್ನು ಕಟ್ಟುವ ಯೋಜನೆ ಹುಟ್ಟಿತು. ಹೊಳೆಯ ಹೂಳು ಕಾರಿನ ಎಣ್ಣೆಯಂತೆ ಸುಲಭವಾಗಿ ತೆಗೆಯತಕ್ಕದ್ದಲ್ಲ. ಹೋಲಿಕೆಯನ್ನು ನಾನು ಅಷ್ಟು ದೂರ ಎಳೆಯುವುದಿಲ್ಲ. ಆದರೆ ನಷ್ಟವು ದಿನದಿನವೂ ಕಾಣದಂತೆ ಸಂಗ್ರಹವಾಗಿ ಒಂದು ದಿನ ಲೆಕ್ಕ ಕೇಳುತ್ತದೆ ಎಂಬ ಮಾತು ಎರಡಕ್ಕೂ ಸಲ್ಲುತ್ತದೆ. ಕಟ್ಟುವುದಕ್ಕೆ ಕಲ್ಲು ನೆಟ್ಟು ಹಾರ ಹಾಕುತ್ತೇವೆ. ಕಾಯುವವನಿಗೆ ಯಾರೂ ಹಾರ ಹಾಕುವುದಿಲ್ಲ, ಏಕೆಂದರೆ ಅವನ ಯಶಸ್ಸೆಂದರೆ ಏನೂ ಆಗದಿರುವುದು. ಈ ಮನೋಭಾವ ಬದಲಾಗದೆ ನಮ್ಮ ಯಂತ್ರಯುಗ ಬಲಿಯಲಾರದು.

ಬದಲಾವಣೆಯನ್ನು ವಿದ್ಯಾರ್ಥಿಗಳು ಆರಂಭಿಸಬಲ್ಲರು. ಮನೆಯಲ್ಲಿ ಕಾರು, ಟ್ರ್ಯಾಕ್ಟರು, ಕಡೆಗೆ ಒಂದು ಸ್ಕೂಟರು ಇದ್ದರೂ ಸಾಕು. ಕಾರಿನ ಮಾತನ್ನೇ ಹೇಳುವುದಾದರೆ, ಭಾನುವಾರ ಬೆಳಿಗ್ಗೆ ಹತ್ತು ನಿಮಿಷಗಳನ್ನು ಮೀಸಲಿಡಿರಿ. ಗಾಡಿ ಸಮನಾದ ನೆಲದ ಮೇಲಿರಲಿ, ಎಂಜಿನ್ನು ನಿಂತು ತಣ್ಣಗಾಗಿರಲಿ. ಎಣ್ಣೆ ಅಳೆಯುವ ಕಡ್ಡಿಯನ್ನು ಹೊರಗೆ ತೆಗೆದು, ಒರೆಸಿ, ಮತ್ತೆ ಅದ್ದಿ, ಎಣ್ಣೆ ಎರಡು ಗುರುತುಗಳ ನಡುವೆ ಇದೆಯೇ ನೋಡಿರಿ. ಕೂಲೆಂಟ್ ಮತ್ತು ಬ್ರೇಕ್ ಆಯಿಲಿನ ಮಟ್ಟವನ್ನು ಪಾತ್ರೆಯ ಹೊರಗಿನಿಂದಲೇ ನೋಡಬಹುದು. ರಬ್ಬರಿನ ಕೊಳವೆ, ಬೆಲ್ಟುಗಳಲ್ಲಿ ಬಿರುಕಿದೆಯೇ, ಬ್ಯಾಟರಿಯ ತುದಿಗಳಲ್ಲಿ ಬಿಳಿಯ ಹಿಟ್ಟು ಕೂಡಿದೆಯೇ, ದೀಪಗಳೆಲ್ಲ ಹೊತ್ತುತ್ತವೆಯೇ, ನಿಂತಿದ್ದ ಜಾಗದಲ್ಲಿ ಕಲೆ ಬಿದ್ದಿದೆಯೇ ಗಮನಿಸಿರಿ. ಟೈರಿನ ಗಾಳಿಯನ್ನು ಅಳೆಯಿರಿ. ಕಂಡುದನ್ನು ತಾರೀಖು, ಕಿಲೋಮೀಟರುಗಳ ಸಹಿತ ಒಂದು ನೋಟುಬುಕ್ಕಿನಲ್ಲಿ ಬರೆದಿಡಿರಿ. ಪ್ರಯೋಗಶಾಲೆಯ ದಾಖಲೆ ಪುಸ್ತಕದಷ್ಟೇ ಶ್ರದ್ಧೆಯಿಂದ ಬರೆಯಿರಿ. ಕೂಲೆಂಟಿನ ಮಟ್ಟ ಮೂರು ವಾರ ಒಂದೇ ಸಮನೆ ಇಳಿದುದನ್ನು ಆ ಪುಸ್ತಕ ಹೇಳಬಲ್ಲದು, ನೆನಪು ಹೇಳಲಾರದು. ರಿಪೇರಿಯನ್ನು ನೀವು ಮಾಡಬೇಕಾಗಿಲ್ಲ. ಬಲ್ಲವರಿಗೆ ಸಕಾಲದಲ್ಲಿ ಹೇಳಿದರೆ ಸಾಕು.

ಶಾಲೆಗಳೂ ಇದಕ್ಕೆ ಎಡೆ ಕೊಡಬೇಕು. ಚಲನಶಕ್ತಿಯ ಸೂತ್ರವನ್ನು ಬೋರ್ಡಿನ ಮೇಲೆ ಬರೆಯುವ ದಿನ ಗುರುಗಳು ಮಕ್ಕಳನ್ನು ಅಂಗಳದಲ್ಲಿ ನಿಂತಿರುವ ಒಂದು ಕಾರಿನ ಬಳಿಗೆ ಕರೆದೊಯ್ದು ಅದರ ಬ್ರೇಕನ್ನು ತೋರಿಸಲಿ. ಗಡುಸು ನೀರಿನ ಪಾಠದ ದಿನ ಹಳೆಯ ರೇಡಿಯೇಟರೊಂದನ್ನು ತರಗತಿಗೆ ತರಿಸಲಿ. ಪರೀಕ್ಷೆಗಾಗಿ ಓದಿದ್ದು ದಾರಿಯಲ್ಲಿ ಉಪಯೋಗಕ್ಕೆ ಬಾರದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ.

ಬರುವ ಆಯುಧಪೂಜೆಯಂದು ಎಂದಿನಂತೆ ಮಾಲೆ ಹಾಕೋಣ, ಕುಂಕುಮವಿಡೋಣ. ಮರುದಿನ ಬೆಳಿಗ್ಗೆ ಬಾನೆಟ್ಟು ತೆರೆಯೋಣ. ಅಂದು ಕೈಗೆ ಮೆತ್ತುವ ಎಣ್ಣೆಯ ಕಲೆಯೂ ಪೂಜೆಯ ಪ್ರಸಾದವೇ.